ಗಾಜಿನ ಹೊಟ್ಟೆ

ನನ್ನನ್ನು ಟೇಪಮ್ಮ ಎಂದು ಕರೆಯುವ ಏಕೈಕ ಭಾವನಿಗೆ,

ನಾನಿಲ್ಲಿ ಕ್ಷೇಮ ಎಂದು ಬರೆದರೆ ಮೊದಲ ಸಾಲೇ ಸುಳ್ಳಾಗುತ್ತದೆ. ನೀವು ಕ್ಷೇಮವೇ ಎಂದು ಕೇಳಿದರೆ ನಿಮ್ಮ ಬಾಯಲ್ಲೂ ಸುಳ್ಳು ಹೇಳಿಸಿದಂತಾಗುತ್ತದೆ. ಅದಕ್ಕೇ ಆ ಎರಡೂ ಸಾಲು ಬಿಟ್ಟು ನೇರ ವಿಷಯಕ್ಕೆ ಬರೋಣವೆಂದು ಕುಳಿತೆ. ಕುಳಿತು ಹತ್ತು ನಿಮಿಷವಾಯಿತು. ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು, ಇಷ್ಟೇ ಆಗಿದೆ.

ಲ್ಯಾಬಿನ ಕಿಟಕಿ ಪಕ್ಕದ ಮೇಜಿನಿಂದ ಬರೆಯುತ್ತಿದ್ದೇನೆ. ಬೆನ್ನ ಹಿಂದೆ ಬಿಸಿನೀರಿನ ತೊಟ್ಟಿಯಲ್ಲಿ ಆರು ಟ್ಯೂಬುಗಳು ಅತ್ತಿತ್ತ ತೂಗುತ್ತಿವೆ. ನೀವು ಇವಕ್ಕೆ ಗಾಜಿನ ಹೊಟ್ಟೆ ಎಂದು ಹೆಸರಿಟ್ಟಿರಲ್ಲ, ಅವೇ. ಬೆಳಗ್ಗೆ ಒಂಬತ್ತೂಕಾಲಿಗೆ ಮೂರು ಟ್ಯೂಬಿಗೆ ಊಟ ಬಡಿಸಿದೆ, ಮೂರಕ್ಕೆ ಉಪವಾಸ. ಯಾಕೆಂದು ಆಮೇಲೆ ಹೇಳುತ್ತೇನೆ. ಮಧ್ಯಾಹ್ನ ಒಂದೂವರೆಗೆ ಅರಗುವ ಕೆಲಸ ಮುಗಿಯುತ್ತದೆ. ಅಲ್ಲಿಯವರೆಗೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎದ್ದು ಹೋಗಿ ಹುಳಿ ಎಷ್ಟಿದೆ ಎಂದು ಮೀಟರಿನಲ್ಲಿ ನೋಡಬೇಕು, ಆಚೀಚೆಯಾಗಿದ್ದರೆ ಒಂದೊಂದೇ ಹನಿ ಹಾಕಿ ಸರಿಮಾಡಬೇಕು. ಹಾಗಾಗಿ ಈ ಕಾಗದ ತುಂಡು ತುಂಡಾಗಿ ಬಂದರೆ ನನ್ನನ್ನು ಅನ್ನಬೇಡಿ. ಹಾಗೆ ನೋಡಿದರೆ ಗುರುವಾರದಿಂದ ನನ್ನ ನಿದ್ದೆ, ಊಟ, ಮಾತು ಎಲ್ಲವೂ ತುಂಡು ತುಂಡೇ.

ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸುತ್ತಿ ಬಳಸಿ ಹಾಳೆ ತುಂಬಿಸಿಬಿಡುತ್ತೇನೆ. ಭಾವ, ನಿಮ್ಮ ಬೇಲಿಯ ಸೊಪ್ಪಿನ ಬಗ್ಗೆ ನಾನು ಹೇಳಿದ ಲೆಕ್ಕ ತಪ್ಪು. ಆ ತಪ್ಪು ಲೆಕ್ಕವನ್ನು ನಂಬಿ ನೀವು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದೀರಿ. ನಿಮ್ಮ ಕಾಲ್ಬೆರಳಿನ ಗಾಯ ಮೂರು ವಾರವಾದರೂ ಮಾಯುತ್ತಿಲ್ಲ.

ಅಬ್ಬಾ, ಬರೆದೆ. ತಡೆಯಿರಿ, ಟೈಮರು ಕೂಗುತ್ತಿದೆ.

ಬಂದೆ. ಎಲ್ಲ ಸರಿಯಿದೆ. ಸರಿಯಿರುವುದು ಟ್ಯೂಬುಗಳದ್ದು ಮಾತ್ರ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಭಾನುವಾರ ಮಾಡಿದ್ದೆನಲ್ಲ? ನಿಮ್ಮ ಫೋನು ಯಾವಾಗಲೂ ಸ್ಪೀಕರಿನಲ್ಲಿ, ಹೊಲಿಗೆ ಯಂತ್ರದ ಪಕ್ಕದ ನೂಲಿನ ಡಬ್ಬಿಗೆ ಒರಗಿಕೊಂಡು ಕೂತಿರುತ್ತದೆ. "ಬಂದ್ರು ನೋಡಿ ನಮ್ಮ ವಿಜ್ಞಾನಿ! ಎಲ್ಲಾ ಸ್ವಲ್ಪ ಸುಮ್ನಿರಿ, ಸೊಪ್ಪಿನ ವಿಷಯ ಏನೋ ಹೇಳ್ತಾಳೆ" ಎಂದು ಅಂಗಡಿಗೆಲ್ಲ ಡಂಗುರ ಹೊಡೆದಿರಿ. ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಬಂದಿದ್ದ ಬಸ್ ಡ್ರೈವರು ಹಿಂದಿನಿಂದ "ಅಮ್ಮಾ, ದಿನಕ್ಕೆ ಎಷ್ಟು ಲೋಟ ಕುಡೀಬೇಕು?" ಎಂದು ಕೂಗಿದರು. "ಆಮೇಲೆ ಮಾಡ್ತೀನಿ ಭಾವ, ಇಲ್ಲಿ ಮೇಡಂ ಕರೀತಿದಾರೆ" ಅಂದೆ. ಭಾನುವಾರ ಯಾವ ಮೇಡಂ, ಯಾವ ಕರೆ? ನೀವೂ ಕೇಳಲಿಲ್ಲ. ನಾನು ಹೇಳಿದ್ದನ್ನು ನೀವು ಯಾವತ್ತು ಎದುರು ಕೇಳಿದ್ದೀರಿ ಹೇಳಿ.

ಚಿಕ್ಕವಳಿದ್ದಾಗಲೂ ಹಾಗೇ. ಅಪ್ಪ ಹೋದ ಮೇಲೆ ಅಕ್ಕನ ಹಿಂದೆ ಬಾಲದ ಹಾಗೆ ನಿಮ್ಮ ಅಂಗಡಿ ಮೇಲಿನ ಕೋಣೆಗೆ ಬಂದವಳು ನಾನು. ಕೈಗೆ ಸಿಕ್ಕಿದ್ದನ್ನೆಲ್ಲ ಇಂಚುಟೇಪಿನಲ್ಲಿ ಅಳೆಯುತ್ತಿದ್ದೆ. ಬಾಗಿಲು ಎಷ್ಟು, ಬೆಕ್ಕಿನ ಬಾಲ ಎಷ್ಟು, ನಿಮ್ಮ ಮೂಗು ಎಷ್ಟು. ಬೇರೆಯವರಾಗಿದ್ದರೆ ಎರಡು ಬಿಡುತ್ತಿದ್ದರು. ನೀವು ಮೂಗು ಮುಂದೆ ಮಾಡಿ "ಸರಿಯಾಗಿ ಹಿಡಿ ಟೇಪಮ್ಮ, ಮೂಗಿನ ವಿಷಯದಲ್ಲಿ ಮೋಸ ಮಾಡ್ಬಾರ್ದು" ಎಂದಿರಿ. ಲ್ಯಾಬಿಗೆ ಸೇರಿದ ದಿನ ಬಿಳಿ ಕೋಟು ನೀವೇ ಹೊಲಿದು ಕಳಿಸಿದಿರಿ. ಟ್ಯೂಬುಗಳಿಗೆ ತಗಲಬಾರದೆಂದು ತೋಳು ಬಿಗಿ, ಎಡಗಡೆ ಒಂದು ಜೇಬು ಹೆಚ್ಚಿಗೆ. ಅದೇ ಕೋಟು ಹಾಕಿಕೊಂಡೇ ಈ ತಪ್ಪು ಮಾಡಿದೆ.

ಸೊಪ್ಪು ತಂದುಕೊಟ್ಟವರೂ ನೀವೇ. ಅಂಗಡಿಯ ಹಿಂದೆ ಬೇಲಿಯಲ್ಲಿ ಯಾರೂ ನೆಡದೆ, ಯಾರೂ ನೀರು ಹಾಕದೆ ಬೆಳೆದಿರುವ ಎಲೆ. ವರ್ಷಕ್ಕೆರಡು ಸಲ ಕತ್ತರಿಸಿ ಬಿಸಾಡುವ ಎಲೆ. ಲೈನಿಂಗ್ ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬಂದು "ನೀವು ಕಂಡಕಂಡ ಸೊಪ್ಪನ್ನೆಲ್ಲ ಅರೀತೀರಂತೆ, ನನ್ನ ಬೇಲಿ ಏನ್ ಪಾಪ ಮಾಡಿದೆ?" ಎಂದಿರಿ. ನಿಮ್ಮ ಮಾತು ತೆಗೆದುಹಾಕಲಾರದೆ ಅದಕ್ಕೂ ಒಂದು ನಂಬರು ಕೊಟ್ಟೆ. ಹದಿನೇಳು. ಒಣಗಿಸಿ, ಪುಡಿಮಾಡಿ, ಸಾರ ತೆಗೆದು ನೇರಳೆ ಬಣ್ಣದ ನೀರಿಗೆ ಹಾಕಿದೆ. ಎಲೆಯ ಸಾರದಲ್ಲಿ ಕಸುವು ಹೆಚ್ಚಿದ್ದಷ್ಟೂ ಆ ನೇರಳೆ ಬೇಗ ಹಳದಿಯಾಗುತ್ತದೆ. ಇಪ್ಪತ್ತೆರಡು ಎಲೆಗಳಲ್ಲಿ ನಿಮ್ಮ ಬೇಲಿಯದೇ ಮೊದಲು ಬಂತು. ನಾನು ಕುಣಿದಾಡಲಿಲ್ಲ ಎಂದರೆ ಸುಳ್ಳು.

ಆದರೆ ಅದು ಬರೀ ಲೋಟದೊಳಗಿನ ಶೌರ್ಯ. ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಅನ್ನುತ್ತಾರಲ್ಲ, ಎಷ್ಟೋ ಎಲೆಗಳ ಹಣೆಬರಹ ಅದೇ. ಲೋಟದಲ್ಲಿ ಗರ್ಜಿಸಿದ್ದು ಹೊಟ್ಟೆಗೆ ಹೋಗುತ್ತಿದ್ದ ಹಾಗೆ ಬಾಲ ಮುದುರಿಕೊಳ್ಳುತ್ತದೆ. ಅದಕ್ಕೇ ಈ ಗಾಜಿನ ಹೊಟ್ಟೆ. ಮೊದಲು ಎಂಜಲು, ಎರಡು ನಿಮಿಷ. ಆಮೇಲೆ ಜಠರದ ಹುಳಿ, ಎರಡು ಗಂಟೆ. ಕೊನೆಗೆ ಕರುಳಿನ ರಸ, ಪಿತ್ತ, ಮತ್ತೆ ಎರಡು ಗಂಟೆ. ಮೈ ಎಷ್ಟು ಬೆಚ್ಚಗಿರುತ್ತದೋ ಅಷ್ಟೇ ಬಿಸಿ, ಕರುಳು ಅಲುಗುವ ಹಾಗೆ ಅಲುಗಾಟ. ಎಲ್ಲ ದಾಟಿ ಬಂದ ಮೇಲೂ ನೇರಳೆಯನ್ನು ಹಳದಿ ಮಾಡಿದರೆ ಆ ಎಲೆಯಲ್ಲಿ ಏನೋ ಇದೆ ಎಂದರ್ಥ. ಏನೋ ಇದೆ ಅಷ್ಟೇ. ರಕ್ತಕ್ಕೆ ಸೇರುತ್ತದೋ ಇಲ್ಲವೋ, ಸೇರಿದರೆ ಯಾವ ಕಾಯಿಲೆಗೆ ಏನು ಮಾಡುತ್ತದೆ, ಅದು ಇನ್ನೂ ಏಳು ಬೆಟ್ಟ ಆಚೆಗಿನ ಮಾತು. ಈ ಕೊನೆಯ ಸಾಲನ್ನು ನಾನು ಅವತ್ತು ನಿಮಗೆ ಹೇಳಲಿಲ್ಲ.

ಜಠರದ ಎರಡು ಗಂಟೆ ಮುಗಿಯುತ್ತಾ ಬಂತು. ಕರುಳಿನ ರಸ ಕಲಸಬೇಕು. ಇರಿ.

ಹನ್ನೊಂದು ಮುಕ್ಕಾಲು. ಎಲ್ಲಕ್ಕೂ ಪಿತ್ತ ಹಾಕಿ ಬಂದೆ. ಎಲೆಯಿರುವ ಮೂರು ಟ್ಯೂಬುಗಳು ಆಗಲೇ ಕಂದಾಗುತ್ತಿವೆ. ನೋಡಲು ಮನಸ್ಸಾಗುವುದಿಲ್ಲ. ಜನ ಏನೆಂದುಕೊಂಡಿದ್ದಾರೆ ಗೊತ್ತೇ ಭಾವ, ಹೊಟ್ಟೆಯ ಹುಳಿಯೇ ಎಲ್ಲವನ್ನೂ ಹಾಳುಮಾಡುತ್ತದೆ ಎಂದು. ನಿಮ್ಮ ಎಲೆ ಆ ಹುಳಿಗೆ ಜಗ್ಗುವುದೇ ಇಲ್ಲ. ಎರಡು ಗಂಟೆ ಹುಳಿಯಲ್ಲಿ ಈಜಿ ಹಾಗೇ ಹೊರಗೆ ಬರುತ್ತದೆ. ಅದು ಸೋಲುವುದು ಕರುಳಿನಲ್ಲಿ, ಹುಳಿಯೆಲ್ಲ ಹೋಗಿ ಎಲ್ಲವೂ ಮೆತ್ತಗಾದ ಮೇಲೆ. ನಿಮಗೂ ಹಾಗೇ ಅಲ್ಲವೇ, ಬೈದವರಿಗೆ ಜಗ್ಗಿದವರಲ್ಲ ನೀವು. ಅಕ್ಕ ಮೆಲ್ಲಗೆ ಒಂದು ಮಾತು ಹೇಳಿದರೆ ಕರಗಿಹೋಗುತ್ತೀರಿ.

ಈಗ ತಪ್ಪಿನ ವಿಷಯ. ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಗಿರಾಕಿ ದಪ್ಪ ಸ್ವೆಟರ್ ಹಾಕಿಕೊಂಡು ಬಂದರೆ ನೀವು ಮೇಲಿನಿಂದ ಟೇಪು ಹಿಡಿದರೂ ಸ್ವೆಟರಿನ ದಪ್ಪ ಕಳೆದೇ ಎದೆ ಅಳತೆ ಬರೆಯುತ್ತೀರಿ. ನಮ್ಮಲ್ಲೂ ಅಷ್ಟೇ. ಎಂಜಲು, ಜಠರರಸ, ಪಿತ್ತ ಇವೂ ತಾವಾಗಿಯೇ ನೇರಳೆಯನ್ನು ಒಂದಿಷ್ಟು ಹಳದಿ ಮಾಡುತ್ತವೆ. ಅದಕ್ಕಾಗಿ ಎಲೆಯನ್ನೇ ಹಾಕದೆ, ಬರೀ ರಸಗಳನ್ನು ಹಾಕಿ, ಒಂದು ಟ್ಯೂಬು ಜೊತೆಗೇ ನಡೆಸಬೇಕು. ಅದನ್ನು ಇಲ್ಲಿ ನಾವು ಉಪವಾಸದವನು ಅನ್ನುತ್ತೇವೆ. ಎಲೆಯ ಟ್ಯೂಬಿನ ಅಳತೆಯಲ್ಲಿ ಉಪವಾಸದವನ ಅಳತೆ ಕಳೆದರೆ ಉಳಿಯುವುದು ಎಲೆಯ ನಿಜವಾದ ಕಸುವು.

ತೊಟ್ಟಿಯಲ್ಲಿ ಇರುವುದೇ ಆರು ಜಾಗ. ಏನೂ ಉಣ್ಣದವನಿಗೆ ಒಂದು ಜಾಗ ಯಾಕೆ ದಂಡ ಎನಿಸಿತು. ಅದರ ಹಿಂದಿನ ತಿಂಗಳು ಬೇರೆ ಎಲೆಗೆಂದು ನಡೆಸಿದ್ದ ಉಪವಾಸದವನ ಅಳತೆ ನೋಟ್‌ಬುಕ್ಕಿನಲ್ಲಿ ಇತ್ತಲ್ಲ, ಅದನ್ನೇ ಕಳೆದರಾಯಿತು ಎಂದು ಆರೂ ಟ್ಯೂಬಿಗೆ ನಿಮ್ಮ ಎಲೆ ತುಂಬಿದೆ. ಆದರೆ ನಡುವೆ ಪಿತ್ತದ ಪುಡಿಯ ಹಳೆ ಬಾಟಲಿ ಮುಗಿದು ಹೊಸದು ಒಡೆದಿತ್ತು. ಹೊಸದರ ಬಣ್ಣವೇ ಬೇರೆ, ಕಡು ಹಸಿರು. ಅದರ ಕಸುವೂ ಬೇರೆ. ನಾನು ಹೊಸ ಪಿತ್ತದ ದೊಡ್ಡ ಅಳತೆಯಿಂದ ಹಳೆ ಪಿತ್ತದ ಪುಟ್ಟ ಅಳತೆ ಕಳೆದೆ. ತೆಳು ಬನಿಯನ್ನಿನ ದಪ್ಪ ಕಳೆದು ಸ್ವೆಟರಿನ ಮೇಲಿನ ಎದೆ ಅಳೆದ ಹಾಗಾಯಿತು. ಉಳಿದದ್ದನ್ನೆಲ್ಲ ನಿಮ್ಮ ಬೇಲಿಯ ಲೆಕ್ಕಕ್ಕೆ ಬರೆದೆ. ಅರಗಿದ ಮೇಲೆ ಈ ಎಲೆಯ ಕಸುವು ಎರಡರಷ್ಟಾಗುತ್ತದೆ ಎಂದು ಬರೆದೆ. ಎರಡರಷ್ಟು! ಯಾವ ಎಲೆಯೂ ಹಾಗೆ ಮಾಡುವುದಿಲ್ಲವಲ್ಲ, ಒಂದು ಸಲ ಹಿಂದಿರುಗಿ ನೋಡೋಣ ಎಂದು ಅನಿಸಬೇಕಿತ್ತು. ಅನಿಸಲಿಲ್ಲ. ನಿಮ್ಮ ಬೇಲಿಯದ್ದು ಎಂಬ ಅಕ್ಕರೆಗೆ ಕಣ್ಣು ಮಂಜಾಗಿತ್ತೋ ಏನೋ.

ಆ ವಾರವೇ ಓಡಿ ಬಂದೆ ನಿಮ್ಮ ಬಳಿಗೆ. ನೀವು ಯಾರದೋ ಕೋಟಿನ ತೋಳು ಕೂರಿಸುತ್ತಿದ್ದಿರಿ. ಪೆಡಲ್ ನಿಲ್ಲಿಸಿ ಕೇಳಿದಿರಿ: "ಹಾಗಾದ್ರೆ ನನ್ನ ಸಕ್ಕರೆಗೂ ಒಳ್ಳೇದಾ ಟೇಪಮ್ಮ?" ನಾನು ಏನೆಂದೆ ನೆನಪಿದೆಯೇ? "ಒಳ್ಳೇದೇ ಇರ್ಬೇಕು ಭಾವ." ನಾನು ನೋಡಿದ್ದು ಒಂದು ಬಣ್ಣ ಇನ್ನೊಂದು ಬಣ್ಣವಾದದ್ದನ್ನು. ಸಕ್ಕರೆಯನ್ನು ನಾನು ಅಳೆದೇ ಇರಲಿಲ್ಲ. ನಿಮ್ಮ ಮುಖ ಅಷ್ಟು ಅರಳಿತ್ತು, ಬೇರೆ ಮಾತು ಬಾಯಿಗೆ ಬರಲಿಲ್ಲ.

ಮತ್ತೆ ಟೈಮರು.

ಕ್ಷಾರ ನಾಲ್ಕು ಹನಿ ಬೇಕಾಯಿತು. ಮೊನ್ನೆ ಗುರುವಾರ ಬೇರೊಂದು ಎಲೆಗೆ ಹೊಸದಾಗಿ ಉಪವಾಸದವನನ್ನು ಇಟ್ಟೆ, ಈ ಹೊಸ ಪಿತ್ತ ಹಾಕಿ. ನೇರಳೆಗೆ ಒಂದು ತೊಟ್ಟು ಬಿಟ್ಟು ಗಡಿಯಾರ ನೋಡಿ ಹಿಂದಿರುಗುವುದರಲ್ಲಿ ನೀರು ಹಳದಿಯಾಗಿ ಕೂತಿತ್ತು. ಒಂದೇ ಒಂದು ಎಲೆಯಿಲ್ಲ ಭಾವ, ಬರೀ ಪಿತ್ತ. ಲ್ಯಾಬಿನ ಮುಖ್ಯಸ್ಥೆ ಮೇಡಂ ಹತ್ತಿರ ಓಡಿದೆ. ಅವರು ನೋಟ್‌ಬುಕ್ಕು ತಿರುವಿ ಹಾಕಿ, "ಮೊದ್ಲು ಹೊಸದಾಗಿ ಮಾಡು. ಸರಿಯಾಗಿ ಮಾಡು. ಬಾಯಿ ಬಿಡೋದು ಆಮೇಲೆ" ಎಂದರು. ನಾವು ಪ್ರಕಟಿಸಬೇಕೆಂದಿರುವ ಸಂಶೋಧನಾ ಪೇಪರಿನ ವಿಷಯಕ್ಕೆ ಆ ಮಾತು ನೂರಕ್ಕೆ ನೂರು ಸರಿ. ನಿಮ್ಮ ವಿಷಯ ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿರಲಿಲ್ಲ. ನೀವು ಮಾತ್ರೆ ಬಿಟ್ಟದ್ದು ಅವತ್ತಿಗೆ ನನಗೂ ಗೊತ್ತಿರಲಿಲ್ಲ ಅನ್ನಿ.

ಗೊತ್ತಾದದ್ದು ಶನಿವಾರ. ಅಕ್ಕ ಫೋನಿನಲ್ಲಿ ನಗುತ್ತಲೇ ಹೇಳಿದಳು. "ನಿಮ್ಮ ಭಾವನ ಕಥೆ ಕೇಳೇ. ಏಳು ಖಾನೆ ಮಾತ್ರೆ ಡಬ್ಬಿ ಇತ್ತಲ್ಲ, ಅದ್ರಲ್ಲೀಗ ಗುಂಡಿ ತುಂಬಿಟ್ಕೊಂಡಿದಾರೆ. ಸೋಮವಾರಕ್ಕೆ ಬಿಳಿ, ಮಂಗಳವಾರಕ್ಕೆ ಕಪ್ಪು. ಮಾತ್ರೆ ಬಿಟ್ಟು ಎರಡು ತಿಂಗಳಾಯ್ತಂತೆ, ಇವತ್ತು ಬಾಯಿ ಬಿಟ್ರು. ದಿನಾ ಎರಡು ಲೋಟ ಸೊಪ್ಪಿನ ನೀರು ಗಟಗಟ ಅಂತ." ನಾನೂ ನಕ್ಕೆ. ದೇವರಾಣೆ, ನಕ್ಕೆ. ಆಮೇಲೆ ಅವಳೇ ಹೇಳಿದಳು, ಕತ್ತರಿ ಕೈಜಾರಿ ಕಾಲ್ಬೆರಳ ಮೇಲೆ ಬಿದ್ದದ್ದು, ಮೂರು ವಾರವಾದರೂ ಗಾಯ ಹಸಿ ಇರುವುದು, ನೀವು ಅದರ ಮೇಲೊಂದು ಬಟ್ಟೆ ಸುತ್ತಿ ಪೆಡಲ್ ತುಳಿಯುತ್ತಿರುವುದು. ಸಕ್ಕರೆಯಿರುವವರ ಕಾಲಿನ ಗಾಯ ಏನಾಗಬಹುದೆಂದು ನನಗೆ ಗೊತ್ತಿಲ್ಲದ್ದೇ? ಆಗಲೇ ಹೇಳಬೇಕಿತ್ತು. "ಹೌದಾ... ನೋಡ್ಕೊಳ್ಳಿ" ಎಂದು ಫೋನಿಟ್ಟೆ.

ಯಾಕೆ ಸುಮ್ಮನಾದೆ ಎಂದು ಕೇಳಬೇಡಿ. ಬೇಡ, ಕೇಳಿ. ನನ್ನ ಮಾನದ ಆಸೆ. ಇವತ್ತಿನ ಪರೀಕ್ಷೆಯಲ್ಲಿ ಎಲೆಯ ಕಸುವು ಎರಡರಷ್ಟು ಅಲ್ಲದಿದ್ದರೂ ಅರ್ಧವಾದರೂ ಉಳಿಯಲಿ, ಆಗ "ಸ್ವಲ್ಪ ಹೆಚ್ಚು ಹೇಳಿಬಿಟ್ಟೆ ಭಾವ, ಮಾತ್ರೆನೂ ತಗೊಳ್ಳಿ, ಸೊಪ್ಪೂ ಕುಡೀರಿ" ಎಂದು ಗೌರವವಾಗಿ ಹೇಳಬಹುದು ಎಂದು ಕಾದೆ. ಸೊನ್ನೆ ಬಂದರೆ ಏನು ಹೇಳುವುದು? ನಿಮ್ಮ ಅಂಗಡಿಗೆ ಬರುವವರೆಲ್ಲ ನನ್ನನ್ನು ವಿಜ್ಞಾನಿ ಅನ್ನುತ್ತಾರೆ. ಶನಿವಾರ, ಭಾನುವಾರ, ಸೋಮವಾರ, ಇವತ್ತು ಮಂಗಳವಾರ. ನಾನು ಸಂಖ್ಯೆಗಾಗಿ ಕಾಯುತ್ತಿದ್ದೆ. ನೀವು ಆ ಕಾಲಿನಲ್ಲೇ ಪೆಡಲ್ ತುಳಿಯುತ್ತಿದ್ದಿರಿ.

ಒಮ್ಮೆ ನೀವು ಯಾರದೋ ಮದುವೆ ಕೋಟಿನ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದ್ದಿರಿ. ನಾನಾಗ ಎಂಟನೇ ಕ್ಲಾಸು. ಗಿರಾಕಿ ಬರುವ ತನಕ ಕಾಯಲಿಲ್ಲ ನೀವು. ಕತ್ತರಿ ಕೆಳಗಿಟ್ಟವರೇ ಬಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅವರ ಮನೆಗೆ ನಡೆದಿರಿ, ಹಿಂದೆ ನಾನು. ಅವರು ಬೈದರು, ಕೇಳಿಸಿಕೊಂಡಿರಿ. ಬರುವಾಗ ನನಗೆ ಹೇಳಿದಿರಿ, "ಕತ್ತರಿ ಯಾರಿಗಾದ್ರೂ ತಪ್ಪುತ್ತೆ ಟೇಪಮ್ಮ. ಗೊತ್ತಾದ್ಮೇಲೆ ಹೊಲಿದು ಮುಚ್ಚೋದಿದೆಯಲ್ಲ, ಅದು ಬೇಡ." ಮೂರು ದಿನದಿಂದ ನಾನು ಮಾಡುತ್ತಿರುವುದು ಅದನ್ನೇ.

ಅಕ್ಕನ ಫೋನು ಬರುತ್ತಿದೆ. ಇರಿ.

ಭಾವ.

ಅಕ್ಷರ ಸೊಟ್ಟಗಿದ್ದರೂ ಹೇಗೋ ಓದಿಕೊಳ್ಳಿ. ಈಗ ಬಸ್ಸಿನಲ್ಲಿದ್ದೇನೆ. ಡ್ರೈವರ್ ಸೀಟಿನ ಹಿಂದಿನ ಸೀಟು. ತೊಡೆಯ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಹಾಳೆ. ಬಿಳಿ ಕೋಟು ಬಿಚ್ಚುವುದೂ ಮರೆತು ಹತ್ತಿದ್ದೇನೆ, ಜನ ಡಾಕ್ಟರೆಂದು ಜಾಗ ಬಿಟ್ಟರು. ನಗಬೇಡಿ.

ಅಕ್ಕ ಅಂಗಡಿಯ ಹಿಂದೆ ಬೇಲಿ ಹತ್ತಿರ ನಿಂತು ಪಿಸುಮಾತಿನಲ್ಲಿ ಮಾತಾಡಿದಳು. ಇವತ್ತು ಬೆಳಗ್ಗೆ ಗುಂಡಿಗೆ ಕಾಜಾ ಹಾಕುವಾಗ ಯಾರದೋ ಅಳತೆ ಬೇಕಾಗಿ ನಿಮ್ಮ ಅಳತೆ ಪುಸ್ತಕ ತೆಗೆದಳಂತೆ. ಒಳಗಿನಿಂದ ಒಂದು ಚೀಟಿ ಬಿತ್ತಂತೆ. ರಕ್ತಪರೀಕ್ಷೆಯ ಚೀಟಿ, ಎರಡು ವಾರದ ಹಿಂದಿನದು. ಸಕ್ಕರೆ ಮುನ್ನೂರ ನಲವತ್ತು. ಯಾರಿಗೂ ಹೇಳದೆ ಹೋಗಿ ಪರೀಕ್ಷೆ ಮಾಡಿಸಿಕೊಂಡು, ನೋಡಿ, ಮಡಚಿ, ಯಾರದೋ ಸೊಂಟದಳತೆಯ ಪುಟದಲ್ಲಿ ಇಟ್ಟುಬಿಟ್ಟಿದ್ದಿರಿ.

ಅಕ್ಕ ಚೀಟಿ ಹಿಡಿದು ಕೇಳಿದ್ದಕ್ಕೆ ನೀವು ಹೇಳಿದ್ದು ಇಷ್ಟು. ಅವಳು ಅದನ್ನು ನಿಮ್ಮ ದನಿಯಲ್ಲೇ ಹೇಳಿದಳು. "ಅವಳಿಗೆ ಹೇಳ್ಬೇಡ ಕಣೇ. ಪಾಪ, ಜೀವ ತೇದು ಕಂಡುಹಿಡಿದಿದಾಳೆ. ಸೊಪ್ಪಿಗೆ ಇನ್ನೊಂದ್ ಸ್ವಲ್ಪ ಟೈಮ್ ಕೊಡೋಣ. ಆಗ್ಲಿಲ್ಲ ಅಂದ್ರೆ ಆವಾಗ ನೋಡೋಣ."

ನಾನು ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಪಿತ್ತ, ಉಪವಾಸದವನು, ಗುರುವಾರ, ಶನಿವಾರ, ನಗು ಎಲ್ಲವನ್ನೂ. ಅಕ್ಕ ಬೈಯುತ್ತಾಳೆ ಅಂದುಕೊಂಡೆ. "ಅವರು ಸೊಪ್ಪು ನಂಬಿದ್ದಲ್ಲ ಕಣೇ, ನಿನ್ನ ನಂಬಿದ್ದು" ಅಂದಳು. "ಗಾಯದ ಅಂಚು ನಿನ್ನೆಯಿಂದ ಕಪ್ಪಾಗಿದೆ. ಬೆಳಗ್ಗೆಯಿಂದ ಡಾಕ್ಟರ ಹತ್ರ ಹೋಗೋಣ ಅಂತ ಬಡ್ಕೊಂಡು ಸಾಕಾಯ್ತು, ಒಂದು ಕೋಟು ಬಾಕಿ ಇದೆ, ನಾಳೆ ಅಂತಾರೆ. ನಾನ್ ಹೇಳಿದ್ರೆ ಹೆಂಡತಿ ಗೊಣಗಾಟ. ನೀನೇ ಬಾ. ಕೊಟ್ಟೋಳೂ ನೀನೇ, ಕಿತ್ಕೊಳ್ಳೋಳೂ ನೀನೇ."

ಮೇಡಂ ಕೋಣೆಗೆ ಹೋಗಿ ನಿಮ್ಮ ವಿಷಯ ಮೊದಲಿನಿಂದ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ಶನಿವಾರನೇ ಯಾಕೆ ಹೇಳ್ಲಿಲ್ಲ? ಪೇಪರ್ ಕಾಯುತ್ತೆ ಕಣಮ್ಮ, ಮನುಷ್ಯರು ಕಾಯ್ತಾರಾ?" ಎಂದರು. ಇನ್ನು ಮುಕ್ಕಾಲು ಗಂಟೆ ಬಾಕಿಯಿದೆ, ಟ್ಯೂಬುಗಳು ಹಾಳಾಗುತ್ತವೆ ಎಂದೆ. ಬಾಯಿಗೆ ಅಭ್ಯಾಸವಾಗಿಹೋಗಿದೆ ನೋಡಿ. ಅವರು ಎದ್ದು ಬಂದು ತಾವೇ ತೊಟ್ಟಿಯ ಸ್ವಿಚ್ಚು ಆರಿಸಿದರು. ಅಲುಗುತ್ತಿದ್ದವು ನಿಂತವು. ಎಲೆಯ ಕಸುವು ಎಷ್ಟು ಉಳಿದಿತ್ತೋ, ನಾನು ಅಳೆಯಲಿಲ್ಲ.

ಅಳೆಯುವ ಅಗತ್ಯವೂ ಇರಲಿಲ್ಲ ಭಾವ. ಬಸ್ಸು ಹತ್ತಿದ ಮೇಲೆ ಅದು ತಲೆಗೆ ಹೋಯಿತು. ಮೂರು ದಿನ ನಾನು ಗಾಜಿನ ಹೊಟ್ಟೆ ಏನು ಹೇಳುತ್ತದೆ ಎಂದು ಕಾದೆ. ನಿಜವಾದ ಹೊಟ್ಟೆ ಏನು ಹೇಳಿತೆಂದು ನಿಮ್ಮ ಅಳತೆ ಪುಸ್ತಕದಲ್ಲಿ ಎರಡು ವಾರದಿಂದ ಬರೆದಿಟ್ಟಿತ್ತು. ನೀವು ಅದನ್ನು ನನ್ನಿಂದ ಮುಚ್ಚಿಟ್ಟಿರಿ, ನಾನು ನನ್ನದನ್ನು ನಿಮ್ಮಿಂದ ಮುಚ್ಚಿಟ್ಟೆ. ನೀವು ಮುಚ್ಚಿಟ್ಟದ್ದು ನನಗೆ ನೋವಾಗಬಾರದೆಂದು. ನಾನು ಮುಚ್ಚಿಟ್ಟದ್ದು ನನಗೆ ಅವಮಾನವಾಗಬಾರದೆಂದು. ಎರಡೂ ಕಡೆ ನನ್ನದೇ ಯೋಚನೆ, ನಿಮ್ಮ ಕಾಲನ್ನು ನೆನೆದವರು ಯಾರೂ ಇಲ್ಲ.

ದೊಡ್ಡವರಿಗೆ ಬರೆಯುವಾಗ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ ಎಂದು ಬರೆಯುವುದು ವಾಡಿಕೆ. ನಾನು ಹಾಗೆ ಬರೆಯುವುದಿಲ್ಲ. ಎರಡು ತಿಂಗಳಿಂದ ದಿನಕ್ಕೆ ಎರಡು ಲೋಟದಂತೆ ಹಾಕಿಕೊಂಡದ್ದು ಸಾಕು. ಈ ಒಂದು ಸಲ ನನ್ನ ಪರವಾಗಿ ನಿಲ್ಲಬೇಡಿ. "ಪಾಪ, ಹುಡುಗಿ" ಅನ್ನಬೇಡಿ. ಆ ಬಸ್ ಡ್ರೈವರಿಗೆ, ನಿಮ್ಮ ಮಾತು ಕೇಳಿ ಬೇಲಿಯ ಸೊಪ್ಪು ಒಯ್ದಿರುವ ಪ್ರತಿಯೊಬ್ಬರಿಗೆ, 'ನಮ್ಮ ನಾದಿನಿ ಹೇಳಿದ್ದು ತಪ್ಪು, ಮಾತ್ರೆ ಬಿಡಬೇಡಿ' ಎಂದು ಬಾಯಿಬಿಟ್ಟು ಹೇಳಬೇಕು. ನಿಮ್ಮ ಫೋನಿನ ಸ್ಪೀಕರು ಅದಕ್ಕೂ ಉಪಯೋಗವಾಗಲಿ. ನೀವು ಹೇಳದಿದ್ದರೆ ಬಾಗಿಲಲ್ಲಿ ನಿಂತು ನಾನೇ ಹೇಳುತ್ತೇನೆ.

ಅಂಗಡಿಯಲ್ಲಿ ನಿಂತು ಇದನ್ನೆಲ್ಲ ಹೇಳಲು ಹೋದರೆ ನೀವು ಒಂದು ತಮಾಷೆ ಮಾಡುತ್ತೀರಿ, ನಾನು ಅಳುತ್ತೇನೆ, ನೀವು ನನ್ನನ್ನು ಸಮಾಧಾನ ಮಾಡುತ್ತಾ ಕೂರುತ್ತೀರಿ, ಡಾಕ್ಟರು ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಅದಕ್ಕೇ ತೀರ್ಮಾನ ಮಾಡಿದ್ದೇನೆ. ಬಸ್ಸಿಳಿದು ನೇರ ಒಳಗೆ ಬಂದು ಮಾತಿಲ್ಲದೆ ನಿಮ್ಮ ಕೈ ಹಿಡಿದು ಎಬ್ಬಿಸುತ್ತೇನೆ. ಬಾಕಿ ಕೋಟು ಅಕ್ಕ ನೋಡಿಕೊಳ್ಳುತ್ತಾಳೆ. ಚೀಟಿ ನನ್ನ ಕೈಯಲ್ಲಿ, ನಿಮ್ಮ ತೋಳು ನನ್ನ ಹೆಗಲ ಮೇಲೆ. ಈ ಕಾಗದವನ್ನು ನಿಮಗೆ ಕೊಡುವುದು ಡಾಕ್ಟರ ಹತ್ತಿರ ಹೋದ ಮೇಲೆಯೇ.

ಅಂದರೆ ನೀವು ಇದನ್ನು ಓದುತ್ತಿದ್ದೀರೆಂದರೆ ನಾವಿಬ್ಬರೂ ಈಗ ಡಾಕ್ಟರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದೇವೆ. ನನ್ನ ಮುಖ ನೋಡಬೇಡಿ, ಕಾಗದ ನೋಡಿ. ಬೈಯಬೇಕು ಅನಿಸಿದರೆ ಇಲ್ಲೇ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಒಳಗಿನಿಂದ ನಿಮ್ಮ ಸರದಿ ಕೂಗಿದರೆ ಎಷ್ಟನೇ ಸಾಲಿನಲ್ಲಿದ್ದೀರೋ ಅಲ್ಲೇ ಬಿಟ್ಟು ಎದ್ದೇಳಿ. ಮಿಕ್ಕದ್ದನ್ನು ಆಮೇಲೆ ನಾನೇ ಬಾಯಲ್ಲಿ ಹೇಳುತ್ತೇನೆ.

ನಿಮ್ಮ ಎರಡೂ ಕಾಲು ಇನ್ನೂ ಬಹಳ ಕಾಲ ನೆಲದ ಮೇಲೆ ಗಟ್ಟಿಯಾಗಿ ಊರಿರಲಿ ಎಂದು ಬೇಡಿಕೊಳ್ಳುತ್ತಾ,

ಪಕ್ಕದಲ್ಲೇ ಕೂತಿರುವ
ನಿಮ್ಮ ನಾದಿನಿ